ಅಜ್ಜನ ಉಸ್ತ್ರ, ಮೊಮ್ಮಗನ ಕೈ

ಮಳೆಗಾಲ ಶುರುವಾಗುವ ಮುಂಚೆ ಅಟ್ಟದ ಸಾಮಾನು ಇಳಿಸಿ ಬಿಸಿಲಿಗೆ ಹಾಕುವುದು ನಮ್ಮ ಕರಾವಳಿಯ ಮನೆಗಳಲ್ಲಿ ಮೊದಲಿನಿಂದಲೂ ಬಂದ ಪದ್ಧತಿ. ಕಳೆದ ವರ್ಷ ಗಂಗೊಳ್ಳಿಯ ನಮ್ಮ ಮನೆಯಲ್ಲಿ ಹಾಗೆ ಇಳಿಸಿದ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಹಳೆಯ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಒಳಗೆ ಕ್ಷೌರದ ಕತ್ತಿ! ಕಪ್ಪು ಕೊಂಬಿನ ಹಿಡಿಯೊಳಗೆ ಮಡಚಿ ಕೂತಿತ್ತು. ಅಲಗಿನ ಮೇಲೆಲ್ಲಾ ಕಂದು ತುಕ್ಕು. ಗುಜರಿಯವನಿಗೆ ಕೊಡಬೇಕಾದ ಸಾಮಾನುಗಳ ರಾಶಿಗೆ ನಾನು ಅದನ್ನೂ ಸೇರಿಸಿಬಿಟ್ಟೆ.

ಅದನ್ನು ಅಲ್ಲಿಂದ ಎತ್ತಿಕೊಂಡವನು ನನ್ನ ಮಗ. ನೇರವಾಗಿ ನನ್ನ ಮಾವನ ಮಂಚದ ಬಳಿಗೆ ಹೋದ. "ದಾದಾ, ಇದು ಯಾರದ್ದು?" ಎಂದು ಕೇಳಿದ.

ಮಾವನಿಗೆ ಪಾರ್ಶ್ವವಾಯು ಬಡಿದು ಮೂರು ವರ್ಷ ಕಳೆದಿತ್ತು. ಬಲಗೈಗೆ ಶಕ್ತಿ ಇಲ್ಲ. ಮಾತು ತೊದಲುತ್ತದೆ. ಹೆಚ್ಚಿನ ದಿನಗಳಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ಅಂದು ಕತ್ತಿಯನ್ನು ಕಂಡದ್ದೇ ತಡ, ಎಡಗೈ ಚಾಚಿದರು. ಹೆಬ್ಬೆರಳಿನಿಂದ ಹಿಡಿಯನ್ನು ಸವರಿ, ಬಹಳ ಕಷ್ಟಪಟ್ಟು "ಅಬ್ಬಾ... ಬೊಂಬಾಯಿ..." ಎಂದರು. ಕಣ್ಣಲ್ಲಿ ನೀರು ತುಂಬಿತ್ತು.

ಅದು ಮಾವನ ತಂದೆಯ ಉಸ್ತ್ರ. ಬೊಂಬಾಯಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಕೊಂಡದ್ದು. ತುಕ್ಕಿನ ಅಡಿಯಲ್ಲಿ 'ಸೋಲಿಂಗೆನ್' ಎಂಬ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಸೋಲಿಂಗೆನ್ ಎಂದರೆ ಜರ್ಮನಿಯ ಒಂದು ಊರು. ಶತಮಾನಗಳಿಂದ ಕತ್ತಿ, ಚೂರಿ, ಕತ್ತರಿ ತಯಾರಿಸಿ ಹೆಸರಾದ ಊರು. ಬೇರೆಯವರು ಆ ಹೆಸರನ್ನು ಕದ್ದು ಬಳಸಬಾರದೆಂದು 1938ರಲ್ಲಿ ಅಲ್ಲಿ ಕಾನೂನನ್ನೇ ಮಾಡಿದ್ದರು. ಇಂಗ್ಲೆಂಡಿನ ಶೆಫೀಲ್ಡ್ ಕೂಡಾ ಇಂತಹದ್ದೇ ಊರು. ನಿಮ್ಮ ಅಟ್ಟದಲ್ಲಿ ಇಂತಹ ಕತ್ತಿ ಸಿಕ್ಕಿದರೆ ಹೆಚ್ಚಾಗಿ ಈ ಎರಡರಲ್ಲಿ ಒಂದು ಹೆಸರು ಅದರ ಮೇಲೆ ಇದ್ದೀತು.

ಗಡ್ಡ ಬಿಡುವವರ ಮನೆಯಲ್ಲಿ ಕ್ಷೌರದ ಕತ್ತಿಗೇನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇತ್ತು. ಕೆನ್ನೆ ಮತ್ತು ಕುತ್ತಿಗೆಯ ಅಂಚನ್ನು ಓರಣ ಮಾಡಲು, ತಲೆ ಬೋಳಿಸಲು, ಮಗು ಹುಟ್ಟಿದ ಏಳನೆಯ ದಿನ ಕೂದಲು ತೆಗೆಯಲು ಎಲ್ಲದಕ್ಕೂ ಅದೇ ಬೇಕಿತ್ತು. ಮಾವ ಆರೋಗ್ಯವಾಗಿದ್ದಾಗ ಪ್ರತಿ ಶುಕ್ರವಾರ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕನ್ನಡಿ ತೂಗುಹಾಕಿ ಕೂರುತ್ತಿದ್ದರು. ಆಗ ಅವರು ಬಳಸುತ್ತಿದ್ದುದು ಬ್ಲೇಡಿನ ರೇಜರು. ತಂದೆಯ ಉಸ್ತ್ರವನ್ನು ಅದಕ್ಕೂ ಬಹಳ ಹಿಂದೆಯೇ ಕಟ್ಟಿಟ್ಟಿದ್ದರು.

ಬ್ಲೇಡು ಈ ಉಸ್ತ್ರವನ್ನು ಮೂಲೆಗೆ ತಳ್ಳಿದ ಕಥೆಯೂ ಕುತೂಹಲದ್ದೇ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವರು ಬಳಸಿ ಬಿಸಾಡುವ ತೆಳು ಬ್ಲೇಡಿನ ರೇಜರನ್ನು 1903ರಲ್ಲಿ ಮಾರುಕಟ್ಟೆಗೆ ತಂದರು. ಮೊದಲ ವರ್ಷ ಮಾರಾಟವಾದದ್ದು ಬರೇ 51 ರೇಜರು, 168 ಬ್ಲೇಡು! 1904ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರಕಾರ ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡಿತು. ಯುದ್ಧ ಮುಗಿಸಿ ಮನೆಗೆ ಮರಳಿದವರು ಆ ಅಭ್ಯಾಸವನ್ನೂ ಜೊತೆಗೆ ಒಯ್ದರು. ಮಸೆಯುವ ಕಷ್ಟವಿಲ್ಲ, ಕಲಿಯುವ ಕಷ್ಟವಿಲ್ಲ. ಜನರಿಗೆ ಇನ್ನೇನು ಬೇಕು?

ಆದರೆ ಕಲಿಯುವ ಕಷ್ಟ ನಿಜವಾಗಿಯೂ ತಪ್ಪಿತೇ? ನನ್ನ ಮಗನನ್ನೇ ನೋಡಿ. ಅವನ ತಂದೆ ಕುವೈತಿನಲ್ಲಿದ್ದಾರೆ. ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ. ಮಗನಿಗೆ ಮೀಸೆ ಚಿಗುರಿದ್ದು, ಧ್ವನಿ ಒಡೆದದ್ದು, ಮೊದಲ ಬಾರಿ ಬ್ಲೇಡು ಹಿಡಿದದ್ದು ಯಾವುದಕ್ಕೂ ಅವರು ಮನೆಯಲ್ಲಿರಲಿಲ್ಲ. ಹಾಸ್ಟೆಲಿನಲ್ಲಿ ಗೆಳೆಯರನ್ನು ನೋಡಿ ಅವನು ಕಲಿತ. ಒಣ ಮುಖಕ್ಕೆ ಕೂದಲಿನ ವಿರುದ್ಧ ದಿಕ್ಕಿನಲ್ಲಿ ರೇಜರು ಎಳೆಯುತ್ತಿದ್ದ. ಕುತ್ತಿಗೆ ತುಂಬ ಕೆಂಪು ಗುಳ್ಳೆಗಳು. ನಾನು ಮುಲಾಮು ತಂದು ಕೊಡುತ್ತಿದ್ದೆನೇ ಹೊರತು ಹೇಗೆ ಮಾಡಬೇಕೆಂದು ಹೇಳಲು ನನಗೆ ಗೊತ್ತಿರಲಿಲ್ಲ. ಗಲ್ಫಿನಲ್ಲಿ ದುಡಿಯುವವರ ಮನೆಗಳಲ್ಲಿ ತಾಯಂದಿರು ಶಾಲೆಯ ಫೀಸು ಕಟ್ಟುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ಗದ್ದೆಯ ಕೆಲಸ ಮಾಡಿಸುತ್ತಾರೆ. ಆದರೆ ಗಂಡುಮಕ್ಕಳು ಗಂಡಸರಿಂದಲೇ ಕಲಿಯುವ ಇಂತಹ ಎಷ್ಟೋ ಸಣ್ಣ ಸಂಗತಿಗಳು ಹಾಗೆಯೇ ಉಳಿದುಬಿಡುತ್ತವೆ.

ಮಗ ಉಸ್ತ್ರವನ್ನು ಸರಿಮಾಡಿಸುತ್ತೇನೆಂದು ಹಟ ಹಿಡಿದ. ಚಕ್ರದ ಯಂತ್ರದಲ್ಲಿ ಸಾಣೆ ಹಿಡಿಯುವವರ ಬಳಿ ಕೊಂಡುಹೋಗಲು ಹೊರಟಿದ್ದ. ಆಗ ಮಾವ ಎಡಗೈಯಿಂದ ಮಂಚವನ್ನು ಬಡಿದು "ಬೇಡ, ಬೇಡ" ಎಂದು ತಲೆಯಾಡಿಸಿದರು. ಕಾರಣವೇನೆಂದು ನಮಗೆ ಅಂದು ತಿಳಿಯಲಿಲ್ಲ. ಕುಂದಾಪುರದ ಒಬ್ಬರು ಹಿರಿಯ ಕ್ಷೌರಿಕರು ಆಮೇಲೆ ವಿವರಿಸಿದರು. ಅವರು ಮಾವನ ಕೂದಲು ತೆಗೆಯಲು ನಮ್ಮ ಮನೆಗೆ ಬರುವವರು. ಕುಂದಾಪುರ ನಮಗೆ ನದಿಯಾಚೆ ಕಣ್ಣಿಗೆ ಕಾಣುತ್ತದೆ. ಆದರೆ ರಸ್ತೆಯಲ್ಲಿ ಬರಬೇಕಾದರೆ ಹೆಮ್ಮಾಡಿ, ತ್ರಾಸಿ ಸುತ್ತಿ ಬರಬೇಕು. ಮಾವನ ಮೇಲಿನ ಅಭಿಮಾನದಿಂದ ಅಷ್ಟು ದೂರ ಬರುತ್ತಾರೆ.

ಅವರು ಹೇಳಿದ್ದು ಇಷ್ಟು. ಉಸ್ತ್ರದ ಉಕ್ಕನ್ನು ಕಾಯಿಸಿ, ತಣಿಸಿ ಹದ ಮಾಡಿರುತ್ತಾರೆ. ವೇಗವಾಗಿ ತಿರುಗುವ ಕಲ್ಲಿಗೆ ಹಿಡಿದರೆ ತೆಳುವಾದ ಅಲಗು ಕ್ಷಣದಲ್ಲಿ ಬಿಸಿಯೇರಿ ಆ ಹದ ಹೋಗುತ್ತದೆ. ಅಲಗು ನೀಲಿ ಬಣ್ಣಕ್ಕೆ ತಿರುಗಿದರೆ ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಮೆಟ್ಟುಕತ್ತಿಗೆ ಸಾಣೆ ಹಿಡಿದಂತೆ ಉಸ್ತ್ರಕ್ಕೆ ಹಿಡಿಯುವಂತಿಲ್ಲ.

ಅವರು ಮೊದಲು ಕತ್ತಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಬಿರುಕು ಇದೆಯೇ? ತುಕ್ಕು ತಿಂದ ಗುಳಿಗಳು ಬಾಯಿಯ ಅಂಚಿನವರೆಗೆ ಬಂದಿವೆಯೇ? ಅಂಚಿನಲ್ಲೇ ಗುಳಿಗಳಿದ್ದರೆ ಮಸೆದಂತೆ ಅದು ಪುಡಿಯಾಗಿ ಉದುರುತ್ತದೆ. ಅಂತಹದ್ದನ್ನು ನೆನಪಿಗಾಗಿ ಇಟ್ಟುಕೊಳ್ಳಬಹುದು, ಮುಖಕ್ಕೆ ತಾಗಿಸಬಾರದು. ನಮ್ಮ ಪುಣ್ಯಕ್ಕೆ ಗುಳಿಗಳಿದ್ದುದು ಬೆನ್ನಿನ ಕಡೆ. ಹಿಡಿ ಕೋಣದ ಕೊಂಬಿನದ್ದಾದ್ದರಿಂದ ಅದೂ ಉಳಿದಿತ್ತು. ಹಳೆಯ ಸೆಲ್ಯುಲಾಯ್ಡ್ ಹಿಡಿಗಳು ಕೆಲವೊಮ್ಮೆ ತಾವಾಗಿಯೇ ಕೆಟ್ಟು ಆಮ್ಲದ ಆವಿ ಬಿಡುತ್ತವೆ. ಆಗ ಮಡಚಿಟ್ಟ ಅಲಗು ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ.

ಶುಚಿ ಮಾಡುವ ಕೆಲಸದಲ್ಲಿ ನಾನೂ ಸೇರಿಕೊಂಡೆ. ಉಗುರು ಬೆಚ್ಚಗಿನ ನೀರು ಮತ್ತು ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿದೆವು. ನನ್ನ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಎರಡು ದಿನ ಬಿಟ್ಟೆವು. ಸಡಿಲಾದ ತುಕ್ಕನ್ನು ಅತಿ ನಯವಾದ ವಾಟರ್ ಪೇಪರಿನಿಂದ, ಎಣ್ಣೆ ಹಾಕಿಕೊಂಡೇ, ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲನೆ ಉಜ್ಜಿ ತೆಗೆದ ಮಗ. ಬಾಯಿಗೆ ಅಡ್ಡವಾಗಿ ಬೆರಳು ಆಡಿಸಬಾರದು. ಕೊನೆಗೆ ಹಿತ್ತಾಳೆ ಪಾತ್ರೆ ಬೆಳಗುವ ಬ್ರಾಸೋದಿಂದ ಹೊಳಪು. ಕಪ್ಪು ಕಲೆಗಳು ಕೆಲವು ಉಳಿದವು. ಇರಲಿ ಬಿಡಿ, ವಯಸ್ಸಾದವರ ಮುಖದಲ್ಲಿ ಸುಕ್ಕು ಇರುವುದಿಲ್ಲವೇ?

ತುಕ್ಕಿನ ಕತ್ತಿ ತಾಗಿದರೆ ಧನುರ್ವಾಯು ಎಂಬ ಮಾತು ನಮ್ಮಲ್ಲಿದೆ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು, ಧೂಳಿನಲ್ಲಿರುವ ರೋಗಾಣುವಿನಿಂದ. ಆದರೂ ಇಂತಹ ಕೆಲಸಕ್ಕೆ ಇಳಿಯುವ ಮೊದಲು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ಕಳೆದಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ನಾನು ಮಗನನ್ನು ಆಸ್ಪತ್ರೆಗೆ ಕಳುಹಿಸಿ ಹಾಕಿಸಿಯೇ ಬಿಟ್ಟೆ.

ಮಸೆಯುವುದು ಇದಕ್ಕಿಂತ ದೊಡ್ಡ ಕೆಲಸ. ಅದಕ್ಕೆ ಒರಟಿನಿಂದ ನಯಕ್ಕೆ ಹೋಗುವ ಕಲ್ಲುಗಳು ಬೇಕು. ಕಲ್ಲಿನ ಮೇಲೆ ನಂಬರು ಇರುತ್ತದೆ. ಬಾಯಿ ತೀರಾ ಹಾಳಾಗಿದ್ದರೆ 1000, ನಂತರ 4000, ಆಮೇಲೆ 8000, ಸಾಧ್ಯವಾದರೆ 12000. ಮಗ ಮಕ್ಕಳಿಗೆ ಟ್ಯೂಷನ್ ಹೇಳಿ ಸಂಪಾದಿಸಿದ ಹಣದಿಂದ ಎರಡು ಬದಿಯ ಒಂದು ಕಲ್ಲನ್ನು ತರಿಸಿದ. ಒರಟು ಕಲ್ಲನ್ನು ಕ್ಷೌರಿಕರು ಕೊಟ್ಟರು, ಅವರ ತಂದೆ ಬಳಸುತ್ತಿದ್ದುದು. ಉಸ್ತ್ರದ ಬೆನ್ನು ದಪ್ಪವಾಗಿರುವುದಕ್ಕೆ ಕಾರಣವಿದೆ. ಬೆನ್ನು ಮತ್ತು ಬಾಯಿ ಎರಡನ್ನೂ ಒಟ್ಟಿಗೆ ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿದರೆ ಬೇಕಾದ ಓರೆ ತಾನಾಗಿಯೇ ಸಿಗುತ್ತದೆ. ಬೆನ್ನನ್ನು ಎತ್ತಿದರೆ ಕೆಟ್ಟಿತು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗಬೇಕು. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಬಳಿದು ಎರಡು ಸಲ ಮಸೆದರೆ, ಎಲ್ಲಿ ಶಾಯಿ ಅಳಿಸದೆ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ ಎಂದು ತಿಳಿಯುತ್ತದೆ.

ಕಲ್ಲಿನ ನಂತರ ಚರ್ಮದ ಪಟ್ಟಿ. ಬ್ರಹ್ಮಾವರದ ನನ್ನ ತವರಿಗೆ ಹೋಗಿದ್ದಾಗ ಅಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಂದ ದಪ್ಪ ಚರ್ಮದ ಒಂದು ಪಟ್ಟಿ ಮಾಡಿಸಿಕೊಂಡು ಬಂದೆ. ಅದನ್ನು ಮಾವನ ಕೋಣೆಯ ಕಿಟಕಿ ಸರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿಯಬೇಕು. ಇಲ್ಲಿ ಬೆನ್ನು ಮುಂದಾಗಿ ಹೋಗಬೇಕು. ಕಲ್ಲಿನಂತೆ ಬಾಯಿ ಮುಂದೆ ಮಾಡಿದರೆ ಚರ್ಮವೇ ತುಂಡಾಗುತ್ತದೆ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಪ್ರತಿ ಸಲ ಕ್ಷೌರಕ್ಕೆ ಮೊದಲು ನಲವತ್ತು-ಐವತ್ತು ಬಾರಿ ಹೀಗೆ ಎಳೆಯಬೇಕು.

ಇಲ್ಲಿ ಗುರುವಾದದ್ದು ಮಾವ. ಮಗ ಪಟ್ಟಿಯ ಮೇಲೆ ಕತ್ತಿ ಎಳೆಯುತ್ತಿದ್ದರೆ ಅವರು ಕಣ್ಣು ಮುಚ್ಚಿ ಅದರ ಸದ್ದನ್ನು ಕೇಳುತ್ತಿದ್ದರು. ಭಾರ ಹಾಕಿದರೆ ಸದ್ದು ಬದಲಾಗುತ್ತದೆ. ತಕ್ಷಣ ಎಡಗೈಯಿಂದ ಮಂಚವನ್ನು ತಟ್ಟುತ್ತಿದ್ದರು. ಮಗ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಮನುಷ್ಯ ಸಂಜೆಯಾದರೆ ಕಿಟಕಿಯ ಕಡೆ ತಿರುಗಿ ಮೊಮ್ಮಗನಿಗಾಗಿ ಕಾಯತೊಡಗಿದರು.

ಎಲ್ಲವೂ ಸುಲಭವಾಗಿ ನಡೆಯಿತೆಂದು ತಿಳಿಯಬೇಡಿ. ಎರಡು ವಾರ ಮಸೆದ ಮೇಲೆ ಮಗ ಯಾರಿಗೂ ಹೇಳದೆ ಬಚ್ಚಲಿಗೆ ಹೋಗಿ ಮುಖಕ್ಕೆ ಹಚ್ಚಿಯೇ ಬಿಟ್ಟ. ಕತ್ತಿ ಇನ್ನೂ ಹರಿತವಾಗಿರಲಿಲ್ಲ. ಕೂದಲನ್ನು ಕೊಯ್ಯುವ ಬದಲು ಕಿತ್ತು ಎಳೆಯಿತು. ಇವನು ಒತ್ತಿದ. ದವಡೆಯ ಕೆಳಗೆ ಉದ್ದಕ್ಕೆ ಸೀಳಿತು. ರಕ್ತ ಸುರಿಸಿಕೊಂಡು ಹೊರಗೆ ಬಂದಾಗ ನನ್ನ ಜೀವವೇ ಬಾಯಿಗೆ ಬಂದಿತ್ತು. "ಇವತ್ತೇ ಇದನ್ನು ಹೊಳೆಗೆ ಎಸೆಯುತ್ತೇನೆ" ಎಂದು ಕೂಗಾಡಿದೆ. ಗಾಯ ಆಳವಾಗಿರಲಿಲ್ಲ, ಅಲ್ಹಮ್ದುಲಿಲ್ಲಾಹ್. ಆದರೆ ಹರಿತವಿಲ್ಲದ ಕತ್ತಿಯೇ ಹೆಚ್ಚು ಅಪಾಯಕಾರಿ ಎಂಬ ಪಾಠವನ್ನು ನಾವಿಬ್ಬರೂ ಕಲಿತೆವು. ನಮ್ಮ ಅಡುಗೆಮನೆಯ ಅನುಭವವೂ ಇದೇ ತಾನೇ?

ಆಮೇಲೆ ಕ್ಷೌರಿಕರೇ ಒಂದು ದಿನ ಕೂತು ಕಲಿಸಿದರು. ಮೊದಲು ಊದಿದ ಬಲೂನಿಗೆ ಸಾಬೂನಿನ ನೊರೆ ಬಳಿದು, ಬಲೂನು ಒಡೆಯದಂತೆ ನೊರೆ ತೆಗೆಯಲು ಹೇಳಿದರು. ಮೂರು ಬಲೂನು ಒಡೆದವು. "ಮಾಣಿ, ಒತ್ತುಕಾಗ. ಕತ್ತಿ ಅದ್ರಷ್ಟಕ್ಕೇ ಹೋಯ್ಕ್" ಎಂದು ಅವರು ನಗುತ್ತಿದ್ದರು.

ಅವರು ಕಲಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯ ಗಂಡುಮಕ್ಕಳು ಸಾಮಾನ್ಯ ರೇಜರು ಬಳಸುವುದಾದರೂ ಇದರಲ್ಲಿ ಅರ್ಧಭಾಗ ಅವರಿಗೂ ಉಪಯೋಗಕ್ಕೆ ಬರುತ್ತದೆ.

ಬಿಸಿನೀರಿನ ಸ್ನಾನವಾದ ಮೇಲೆಯೇ ಕ್ಷೌರ ಮಾಡಬೇಕು. ನೆನೆದ ಕೂದಲು ಮೆತ್ತಗಿರುತ್ತದೆ. ಬ್ರಷ್ಷಿನಿಂದ ಸಾಬೂನನ್ನು ತಿರುಗಿಸಿ ತಿರುಗಿಸಿ ದಪ್ಪ ನೊರೆ ಎಬ್ಬಿಸಿ ಹಚ್ಚಬೇಕು. ಕೈಗಳನ್ನು ಒರೆಸಿ ಒಣಗಿಸಿಕೊಳ್ಳಬೇಕು, ಒದ್ದೆ ಕೈಯಿಂದ ಉಸ್ತ್ರ ಜಾರುತ್ತದೆ. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲೇ ಸಣ್ಣ ಸಣ್ಣದಾಗಿ ಎಳೆಯಬೇಕು. ಅಡ್ಡಕ್ಕೆ ಎಂದೂ ಸರಿಸಬಾರದು. ಮೊದಲ ಒಂದೆರಡು ವಾರ ಕೆನ್ನೆ ಮಾತ್ರ, ಉಳಿದದ್ದನ್ನು ಮಾಮೂಲಿ ರೇಜರಿನಿಂದ ಮುಗಿಸಬೇಕು. ಕುತ್ತಿಗೆಗೆ ಬರುವುದು ಕೈ ಪಳಗಿದ ನಂತರ. ಗುಳ್ಳೆಗಳ ಮೇಲೆ ಆಡಿಸಬಾರದು. ಅವಸರವಿದ್ದ ದಿನ ಉಸ್ತ್ರವನ್ನು ಮುಟ್ಟಲೇಬಾರದು. ಕೈಯಿಂದ ಜಾರಿ ಬಿದ್ದರೆ ಹಿಡಿಯಲು ಹೋಗದೆ ಹಿಂದಕ್ಕೆ ಸರಿಯಬೇಕು. ಮುಗಿದ ಮೇಲೆ ಮುಖಕ್ಕೆ ತಣ್ಣೀರು, ಸಣ್ಣ ಗೀರುಗಳಾಗಿದ್ದರೆ ಪಟಿಕದ ತುಂಡು.

ಉಸ್ತ್ರವನ್ನು ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ಬಚ್ಚಲಲ್ಲಿ ಬಿಡಬಾರದು. ಮಕ್ಕಳಿರುವ ಮನೆಯಾದರೆ ಬೀಗ ಹಾಕಿಡಲೇಬೇಕು. ಕೀಲಿ ಕೈ ನನ್ನ ಬಳಿ ಇರಬೇಕೆಂಬ ಶರತ್ತಿನ ಮೇಲೆಯೇ ನಾನು ಒಪ್ಪಿದ್ದು.

ಇನ್ನೊಂದು ಮುಖ್ಯ ಮಾತು. ಒಂದು ಉಸ್ತ್ರ ಒಬ್ಬರಿಗೆ ಮಾತ್ರ. ಹಿಂದೆ ಒಂದೇ ಕತ್ತಿ ಊರಿಗೆಲ್ಲಾ ಆಗುತ್ತಿತ್ತು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು ಹರಡಲು. ಏಡ್ಸ್ ಬಗ್ಗೆ ತಿಳುವಳಿಕೆ ಬಂದ ಮೇಲೆ ತಾವೂ ಉಸ್ತ್ರ ಬಿಟ್ಟು, ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕತೊಡಗಿದೆವು ಎಂದು ಕ್ಷೌರಿಕರು ಹೇಳಿದರು. ನಿಮ್ಮ ಮಕ್ಕಳು ಅಂಗಡಿಗೆ ಹೋದಾಗ ಕಣ್ಣೆದುರೇ ಹೊಸ ಬ್ಲೇಡು ಹಾಕಿಸಿಕೊಳ್ಳಲು ಹೇಳಿ. ಮನೆಯಲ್ಲೂ ಅಷ್ಟೆ, ಅಣ್ಣನ ರೇಜರನ್ನು ತಮ್ಮ ಬಳಸಬಾರದು.

ಈ ಮಾತಿಗೆ ಪರೀಕ್ಷೆಯೂ ಬಂತು. ಶಿರೂರಿನ ನನ್ನ ನಾದಿನಿಯ ಮನೆಯಲ್ಲಿ ಮೊಮ್ಮಗು ಹುಟ್ಟಿತು. ಏಳನೆಯ ದಿನದ ಅಕೀಕಾಕ್ಕೆ ಆ ಉಸ್ತ್ರವನ್ನೇ ತರಬೇಕೆಂದು ಅವರ ಒತ್ತಾಯ. "ನಮ್ಮೆಲ್ಲರ ಹುಟ್ಟುಗೂದಲು ತೆಗೆದದ್ದು ಅದರಲ್ಲೇ. ಈ ಮಗುವಿಗೇಕೆ ಬೇಡ?" ಎಂದು ನಾದಿನಿ ಕೇಳಿದರು. ಆ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗದೆ ಇಲ್ಲ. ಆದರೆ ವಾರದ ಕೂಸಿನ ನೆತ್ತಿ ಎಷ್ಟು ಮೃದು! ಈಗಾಗಲೇ ಒಬ್ಬನ ಮುಖಕ್ಕೆ ಬಳಸುತ್ತಿರುವ ಕತ್ತಿ ಬೇರೆ. ನಾನು ಬೇಡವೆಂದೆ. ಮನಸ್ತಾಪವಾಯಿತು. ಕೊನೆಗೆ ನಾದಿನಿ ತಂದೆಯನ್ನೇ ಫೋನಿನಲ್ಲಿ ಕೇಳಿದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು "ಹೊಸ... ಬ್ಲೇಡು" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ನುರಿತ ಕೈಯಿಂದ, ಹೊಸ ಬ್ಲೇಡಿನಿಂದಲೇ ಕೂದಲು ತೆಗೆಸಿದರು. ಕೂದಲಿನ ತೂಕದ ಬೆಳ್ಳಿಯ ಬೆಲೆಯನ್ನು ಬಡವರಿಗೆ ಹಂಚಿದರು. ಕಾರ್ಯದ ಸತ್ವ ಇರುವುದು ಅದರಲ್ಲಿ, ಕತ್ತಿಯಲ್ಲಲ್ಲ.

ಆ ದಿನ ನನ್ನ ಮನಸ್ಸಿಗೆ ಬಂದ ಇನ್ನೊಂದು ವಿಚಾರವನ್ನೂ ಹೇಳಬೇಕು. ಈ ಕತ್ತಿಯನ್ನು ಹಿಡಿದು ಬದುಕಿದವರನ್ನು ನಾವು ಹೇಗೆ ನಡೆಸಿಕೊಂಡೆವು? ನಮ್ಮ ಊರುಗಳಲ್ಲಿ ಭಂಡಾರಿ ಸಮುದಾಯದವರು ತಲೆಮಾರುಗಳಿಂದ ಈ ಕಸುಬು ಮಾಡಿದರು. ಹಿಂದೆ ಹಳ್ಳಿಗಳಲ್ಲಿ ಅವರಿಗೆ ವರ್ಷಕ್ಕೊಮ್ಮೆ ಭತ್ತ ಅಳೆದು ಕೊಡುವ ಕ್ರಮವಿತ್ತು. ಮಲಬಾರಿನ ಮುಸ್ಲಿಮರಲ್ಲಿ ಒಸ್ಸಾನ್ ಎಂದು ಕರೆಯಲ್ಪಡುವವರು ಕ್ಷೌರ, ಸುನ್ನತಿಯ ಕೆಲಸ ಮಾಡಿದರು. ಅವರ ಹೆಂಗಸರು ಹೆರಿಗೆ ಮಾಡಿಸಿದರು. ನಮ್ಮ ಮಕ್ಕಳನ್ನು ಮೊದಲು ಮುಟ್ಟಿದ ಕೈಗಳವು. ಆದರೂ ಹೆಣ್ಣು ಕೊಡುವಾಗ, ತರುವಾಗ ಅವರನ್ನು ದೂರ ಇಟ್ಟರು. ಮನುಷ್ಯರೆಲ್ಲರೂ ಸಮಾನರು ಎಂದು ಪ್ರತಿ ಶುಕ್ರವಾರ ಕೇಳುವ ನಾವು ಇದಕ್ಕೆ ಏನು ಉತ್ತರ ಕೊಡುತ್ತೇವೆ? ಒಂದು ಉಸ್ತ್ರವನ್ನು ಸರಿಯಾಗಿ ಹಿಡಿಯಲು ನನ್ನ ಮಗನಿಗೆ ಐದಾರು ತಿಂಗಳು ಬೇಕಾಯಿತು. ಆ ಕೆಲಸ ಎಷ್ಟು ದೊಡ್ಡದೆಂದು ಅವನಿಗೀಗ ಗೊತ್ತಿದೆ. ಕ್ಷೌರಿಕರು ಮನೆಗೆ ಬಂದರೆ ಅವನೇ ಕುರ್ಚಿ ಹಾಕಿ ಚಹಾ ತಂದುಕೊಡುತ್ತಾನೆ.

ಮಾವನಿಗೆ ಅದೇ ಉಸ್ತ್ರದಿಂದ ಕ್ಷೌರ ಮಾಡುತ್ತೇನೆಂದು ಮಗ ಒಮ್ಮೆ ಆಸೆಪಟ್ಟ. ನಾನೂ ಕ್ಷೌರಿಕರೂ ಒಪ್ಪಲಿಲ್ಲ. ಮಾವ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಂಥವರಿಗೆ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಗಾಯ ಬೇಗ ಮಾಯುವುದಿಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ ವಿದ್ಯುತ್ ಟ್ರಿಮ್ಮರ್ ಮತ್ತು ಕತ್ತರಿಯೇ ಕ್ಷೇಮ. ಆದರೆ ಆ ಕೆಲಸವನ್ನಾದರೂ ಮನೆಯವರೇ ಮಾಡಬಹುದಲ್ಲ! ಮೂರು ವರ್ಷ ನಮಗದು ಹೊಳೆದಿರಲಿಲ್ಲ. ಕ್ಷೌರಿಕರು ಬರುವವರೆಗೆ ಹದಿನೈದು ದಿನ, ತಿಂಗಳು ಹಾಗೆಯೇ ಬಿಟ್ಟಿರುತ್ತಿದ್ದೆವು. ಹೊಟ್ಟೆಗೆ ಹಾಕಿದೆವು, ಮಾತ್ರೆ ಕೊಟ್ಟೆವು, ಬಟ್ಟೆ ಬದಲಿಸಿದೆವು. ಸದಾ ಓರಣವಾಗಿ ಇರುತ್ತಿದ್ದ ಮನುಷ್ಯನಿಗೆ ಕೆದರಿದ ಗಡ್ಡದಲ್ಲಿ ಬಂದವರ ಮುಂದೆ ಮಲಗಿರಲು ಎಷ್ಟು ಸಂಕೋಚವಾಗಿರಬಹುದು ಎಂದು ಯೋಚಿಸಲಿಲ್ಲ. ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಈಗ.

ಈಗ ಪ್ರತಿ ಶುಕ್ರವಾರ ಬೆಳಿಗ್ಗೆ ಮಗ ಮೊದಲು ಅಜ್ಜನ ಮಂಚದ ಬಳಿ ಕೂತು ಅವರ ಗಡ್ಡ, ಮೀಸೆ ಓರಣ ಮಾಡುತ್ತಾನೆ. ಅತ್ತರು ಹಚ್ಚುತ್ತಾನೆ. ಆಮೇಲೆ ಕಿಟಕಿಯ ಬಳಿ ಪಟ್ಟಿ ಎಳೆದು ತನ್ನ ಉಸ್ತ್ರ ಹರಿತ ಮಾಡಿಕೊಳ್ಳುತ್ತಾನೆ. ಮುಗಿಸಿ ಬಂದ ಮೇಲೆ ಮಾವ ಎಡಗೈಯಿಂದ ಅವನ ದವಡೆ, ಕುತ್ತಿಗೆಯನ್ನು ಸವರಿ ನೋಡುತ್ತಾರೆ. ಸರಿಯಾಗಿದ್ದರೆ ತಲೆಯಾಡಿಸುತ್ತಾರೆ. ಎಲ್ಲಾದರೂ ಉಳಿದಿದ್ದರೆ ಅಲ್ಲಿಗೆ ಬೆರಳಿನಿಂದ ಮೆಲ್ಲನೆ ತಟ್ಟುತ್ತಾರೆ. ಕುತ್ತಿಗೆಯ ಗುಳ್ಳೆಗಳೂ ಮಾಯವಾಗಿವೆ.

ಮೊನ್ನೆ ನನ್ನವರು ಕುವೈತಿನಿಂದ ವೀಡಿಯೋ ಕರೆ ಮಾಡಿದ್ದಾಗ ಇದನ್ನೆಲ್ಲ ಕಂಡು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ "ನನಗೂ ಅಬ್ಬಾ ಅದೇ ಕಿಟಕಿಯ ಬಳಿ ಕಲಿಸಿದ್ದರು. ಮಗನಿಗೆ ನಾನು ಕಲಿಸಬೇಕಿತ್ತು" ಎಂದರು.

ಸಹೋದರಿಯರೇ, ನಿಮ್ಮ ಮಕ್ಕಳೆಲ್ಲರೂ ಉಸ್ತ್ರ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಹೆಚ್ಚಿನವರಿಗೆ ಅದರ ಅಗತ್ಯವೂ ಇಲ್ಲ. ಆದರೆ ಗಂಡ ದೂರದಲ್ಲಿದ್ದರೆ ಮನೆಯ ಅಜ್ಜನೋ, ಮಾಮನೋ, ಪರಿಚಯದ ಒಬ್ಬ ಹಿರಿಯರೋ ಮಕ್ಕಳಿಗೆ ಇಂತಹ ಸಂಗತಿಗಳನ್ನು ಹೇಳಿಕೊಡುವಂತೆ ನೋಡಿಕೊಳ್ಳಿ. ಮಲಗಿದಲ್ಲೇ ಇರುವ ಹಿರಿಯರಲ್ಲೂ ಕೊಡಲು ಏನಾದರೂ ಉಳಿದಿರುತ್ತದೆ. ಈ ಸಲ ಅಟ್ಟ ಗುಡಿಸುವಾಗ ಗುಜರಿಗೆ ಹಾಕುವ ಮುಂಚೆ ಒಮ್ಮೆ ಅವರನ್ನು ಕೇಳಿ ನೋಡಿ.